ಒಡೆದು ನೋಡುವ ಮೇಜು

ಮೊಟ್ಟೆ ಕೊಡುವಾಗ ಎಲ್ಲರೂ ಬಂಗಾರದಂಥ ಜನ. ಮರಿ ಆಗದೆ ಹೋದಾಗ ನೋಡಬೇಕು ಅವರ ಬಾಯಿ! ‘ನನ್ನ ಮೊಟ್ಟೆ ಬದಲಾಯಿಸಿದ್ದೀರಿ’, ‘ಬೇಯಿಸಿಕೊಂಡು ತಿಂದಿದ್ದೀರಿ’, ‘ನಿಮ್ಮ ಮಿಷನ್ನಿಗೆ ಬೆಂಕಿ ಬೀಳ’. ಜನರ ಕೋಳಿಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಕೊಡುವ ಆ ಪುಟ್ಟ ಅಂಗಡಿಯಲ್ಲಿ, ಗಿರಾಕಿಗಳೆಲ್ಲ ‘ಅಕ್ಕ’ ಎನ್ನುತ್ತಿದ್ದ ಒಡತಿ ಇದನ್ನೆಲ್ಲ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವುದನ್ನು ಕಲಿತಿದ್ದಳು. ಹಿಂದೆ ಮಿಷನ್ ಕೋಣೆ, ಮುಂದೆ ರಸ್ತೆ, ನಡುವೆ ತಗಡು ಹೊದಿಸಿದ ಒಂದು ಮೇಜು. ಜಗಳಗಳೆಲ್ಲ ತೀರುತ್ತಿದ್ದುದು ಆ ಮೇಜಿನ ಮೇಲೆ.

ತೀರಿಸುತ್ತಿದ್ದವನು ಅವಳ ಗಂಡ. ಜನ ಅವನನ್ನು ಕಾವಣ್ಣ ಎಂದೇ ಕರೆಯುತ್ತಿದ್ದರು. ಮರಿಯಾಗದ ಮೊಟ್ಟೆಯನ್ನು ಗಿರಾಕಿಯ ಕಣ್ಣೆದುರೇ ಒಡೆಯಬೇಕು, ಅದು ಅವನ ಕಟ್ಟಳೆ. ಒಳಗೆ ಬರೀ ಹಳದಿ ಇದ್ದರೆ ತಪ್ಪು ಹುಂಜದ್ದು. ರಕ್ತದ ಉಂಗುರ ಕಂಡರೆ ತಂದವರು ದಾರಿಯಲ್ಲಿ ಕುಲುಕಿದ್ದಾರೆ. ಪುಕ್ಕ ಬಂದ ಪೂರಾ ಮರಿ ಸತ್ತು ಬಿದ್ದಿದ್ದರೆ ತಪ್ಪು ಅಂಗಡಿಯದು, ತೆಪ್ಪಗೆ ಒಪ್ಪಿಕೊಳ್ಳಬೇಕು. ಅವನು ಒಡೆದು ಹೇಳಿದ ಮೇಲೆ ಎಂಥ ಜಗಳಗಂಟನೂ ಬಾಲ ಮುದುರಿಕೊಂಡು ಹೋಗುತ್ತಿದ್ದ.

ಅಂಥ ಕಾವಣ್ಣನಿಗೆ ಈಗೀಗ ಮರೆವು ಹತ್ತಿಕೊಂಡಿತ್ತು. ಬೆಳಗ್ಗೆ ಉಂಡದ್ದು ಮಧ್ಯಾಹ್ನಕ್ಕೆ ನೆನಪಿಲ್ಲ. ಮಗಳನ್ನು ತನ್ನ ತಂಗಿ ಎಂದುಕೊಂಡು ಮಾತಾಡಿಸುತ್ತಿದ್ದ. ಆದರೆ ಮಿಷನ್ ಕೋಣೆಗೆ ಹೊಕ್ಕರೆ ಸಾಕು, ಹಳೆಯ ಮನುಷ್ಯ ಮರಳಿ ಬರುತ್ತಿದ್ದ. ಟ್ರೇ ಒರೆಸುತ್ತ, ನೀರಿನ ತಟ್ಟೆ ತುಂಬುತ್ತ, ಏನೋ ಗುನುಗುತ್ತ ಇರುತ್ತಿದ್ದ.

“ಅಪ್ಪನ್ನ ಅಲ್ಲಿಗೆ ಬಿಡಬೇಡಮ್ಮ, ಏನಾದ್ರೂ ಅನಾಹುತ ಮಾಡ್ತಾರೆ” ಎಂದು ಮಗಳು ಹೇಳಿದಾಗ ಅಕ್ಕ ರೇಗಿಬಿಟ್ಟಿದ್ದಳು.

“ಅದೊಂದನ್ನೂ ಕಿತ್ಕೊಂಡ್ರೆ ಅವರಿಗೆ ಉಳಿಯೋದೇನೇ? ಗೋಡೆ ನೋಡ್ಕೊಂಡು ಕೂರೋದಾ?”

ಹೀಗಿರುವಾಗ ದರ್ಜಿ ಹೆಂಗಸು ಬಂದಳು. ಅವಳ ಕೋಳಿಗೂಡಿಗೆ ನಾಯಿ ನುಗ್ಗಿ ಒಂದು ಕೋಳಿಯನ್ನೂ ಉಳಿಸಿರಲಿಲ್ಲ. ಉಳಿದ ಮೊಟ್ಟೆಗಳನ್ನು ಒಂದೊಂದಾಗಿ ಚೂರುಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿ ತಂದಿದ್ದಳು.

“ನಮ್ಮಮ್ಮನ ಕಾಲದ ತಳಿ ಅಕ್ಕ. ಒಂದು ಮರಿಯಾದ್ರೂ ಉಳಿಸ್ಕೊಡಿ.”

ನಡುವೆ ಒಮ್ಮೆ ಅವಳು ಬಂದಾಗ ಅಕ್ಕ ಮೊಟ್ಟೆಗಳನ್ನು ದೀಪಕ್ಕೆ ಹಿಡಿದು ತೋರಿಸಿದಳು. ಎಲ್ಲದರಲ್ಲೂ ಜೀವ ಮಿಸುಕುತ್ತಿತ್ತು. ದರ್ಜಿ ಹೆಂಗಸು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೋದಳು.

ಮರಿಗಳು ಒಳಗಿನಿಂದ ಚಿಪ್ಪು ಕುಟ್ಟಲು ಶುರುಮಾಡಿದ ದಿನ ಅಕ್ಕ ತೌಡು ತರಲು ಹೋಗಿದ್ದಳು. ಬಂದು ನೋಡಿದರೆ ಮಿಷನ್ನಿನ ಬಾಗಿಲು ಹಾರು ಹೊಡೆದಿದೆ! ಕಾವಣ್ಣ ಅದರೆದುರು ಸ್ಟೂಲ್ ಹಾಕಿಕೊಂಡು ಕೂತಿದ್ದಾನೆ.

“ಕರೀತಿದ್ವು ಕಣೇ. ಸೆಕೆಗೆ ಅಳ್ತಿದ್ವು, ಪಾಪ. ಗಾಳಿಗೆ ಬಿಟ್ಟೆ.”

ಅಕ್ಕ ತೌಡಿನ ಚೀಲ ಬಿಸುಟು ಓಡಿದಳು. ಆ ಹೊತ್ತಿನಲ್ಲಿ ಬಾಗಿಲು ತೆಗೆದರೆ ಒಳಗಿನ ತೇವ ಆರಿ, ಚಿಪ್ಪಿನ ಪೊರೆ ಮರಿಯ ಮೈಗೆ ಅಂಟಿ ಬಿಗಿಯುತ್ತದೆ. ಇದನ್ನು ಅವಳಿಗೆ ಕಲಿಸಿದವನೇ ಅವನು. ಬಾಗಿಲು ಮುಚ್ಚಿದಳು, ಒದ್ದೆ ಬಟ್ಟೆ ಇಟ್ಟಳು, ಕಂಡ ದೇವರಿಗೆಲ್ಲ ಕೈ ಮುಗಿದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮರುದಿನ ಬೆಳಗ್ಗೆ ಮಿಷನ್ನಿನಲ್ಲಿ ಒಂದು ಸದ್ದೂ ಇರಲಿಲ್ಲ.

ದರ್ಜಿ ಹೆಂಗಸು ಖಾಲಿ ಬುಟ್ಟಿ ಹಿಡಿದು ನಗುತ್ತ ಬಂದಳು. ಅಕ್ಕನಿಗೆ ಅವಳ ಮುಖ ನೋಡಲಾಗಲಿಲ್ಲ. ನಿಜ ಹೇಳಿದರೆ ನಾಳೆಯಿಂದ ಗಂಡನನ್ನು ಆ ಕೋಣೆಯಿಂದ ಹೊರಗಿಡಬೇಕು. ಅದು ಅವಳಿಂದ ಆಗದ ಮಾತು.

“ಯಾವುದೂ ಆಗಲಿಲ್ಲ ಕಣಮ್ಮ. ತಳೀಲೇ ಬಲ ಇರಲಿಲ್ಲ ಅನ್ಸುತ್ತೆ.”

“ಅದು ಹೇಗೆ? ದೀಪದಲ್ಲಿ ನೀವೇ ತೋರ್ಸಿದ್ರಿ, ಮಿಸುಕ್ತಿತ್ತು!”

“ಆಮೇಲೆ ಏನಾಯ್ತೋ, ಯಾರಿಗೆ ಗೊತ್ತು?”

“ಗೊತ್ತು ಮಾಡ್ಕೊಳ್ಳೋಕೆ ತಾನೇ ಈ ಮೇಜು ಇರೋದು? ಒಡೆದು ತೋರ್ಸಿ.” ಅವಳ ದನಿ ಏರಿತು. ಪಕ್ಕದ ಸೈಕಲ್ ಅಂಗಡಿಯವನು ಬಂದು ನಿಂತರೂ ಅವಳು ಬಿಡಲಿಲ್ಲ. “ಏನಕ್ಕ, ಯಾಕೆ ಒಡೀತಿಲ್ಲ? ಊರಿಗೆಲ್ಲ ಒಂದು ನ್ಯಾಯ, ನನಗೊಂದಾ?”

ಗಲಾಟೆ ಕೇಳಿ ಕಾವಣ್ಣ ಒಳಗಿನಿಂದ ಬಂದ. ಎಂದಿನಂತೆ ಕೈ ತೊಳೆದ, ಮೇಜಿನ ಮುಂದೆ ಕೂತ, ಒಂದು ಮೊಟ್ಟೆ ತೆಗೆದುಕೊಂಡ. ‘ಬೇಡ ರೀ’ ಎಂದು ಅಕ್ಕ ಅನ್ನುವಷ್ಟರಲ್ಲಿ ಚಿಪ್ಪು ಸುಲಿದಾಗಿತ್ತು. ಕಪ್ಪು ಪುಕ್ಕದ ಪೂರಾ ಮರಿ, ಕೊಕ್ಕು ತಾನು ಕುಟ್ಟಿದ ತೂತಿನ ಹತ್ತಿರವೇ ಇತ್ತು.

“ಹುಂಜ ಗಟ್ಟಿ, ಕೋಳಿ ಗಟ್ಟಿ. ನಿನ್ನ ತಳಿಗೇನೂ ಆಗಿಲ್ಲ ತಾಯಿ” ಎಂದ. ಪೊರೆಯನ್ನು ಉಗುರಿನಿಂದ ಕೆರೆದು ನೋಡಿದ. ಅವನ ಮುಖ ಕೆಂಪಾಯಿತು. “ಒಣಗಿ ಅಂಟ್ಕೊಂಡಿದೆ. ಕುಟ್ಟೋ ಹೊತ್ತಲ್ಲಿ ಬಾಗಿಲು ತೆಗ್ದಿದ್ದಾರೆ. ಯಾರೇ ಅದು? ಯಾವ ಮುಠ್ಠಾಳನ ಕೆಲಸ ಇದು?”

ಅಕ್ಕ ಮುಂದೆ ಬಂದಳು. “ನಾನೇ ರೀ. ಮರೆತು ತೆಗ್ದುಬಿಟ್ಟೆ.”

“ಥೂ! ಇಷ್ಟು ವರ್ಷ ಹೇಳಿಕೊಟ್ಟದ್ದು ಹೊಳೇಲಿ ಹುಣಸೆಹಣ್ಣು ತೊಳೆದಂಗಾಯ್ತಲ್ಲ! ಇಂಥವರನ್ನ ಮಿಷನ್ ಹತ್ರ ಸೇರಿಸ್ಬಾರ್ದು. ಬೀಗ ಹಾಕು ಆ ಕೋಣೆಗೆ. ಇವತ್ತೇ ಹಾಕು.”

ಅಕ್ಕ ದರ್ಜಿ ಹೆಂಗಸಿನ ಕಡೆ ತಿರುಗಿ, “ತಪ್ಪು ನಮ್ದೇ ಕಣಮ್ಮ” ಎಂದಳು.

“ಈಗ ತಾನೇ ನನ್ನ ತಳೀಗೆ ಬಲ ಇಲ್ಲ ಅಂದ್ರಲ್ಲ?” ದರ್ಜಿ ಹೆಂಗಸು ಮೇಜಿನ ಮೇಲಿದ್ದ ಮರಿಯನ್ನು ಚೂರುಬಟ್ಟೆಯಲ್ಲಿ ಸುತ್ತಿ ಬುಟ್ಟಿಗೆ ಹಾಕಿಕೊಂಡಳು. ಹಿಂತಿರುಗಿ ನೋಡದೆ ಹೋದಳು.

ಸಂಜೆ ಅಕ್ಕ ಬೀಗ ತಂದು ಹಾಕಿದಳು, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅದನ್ನು ಹಾಕುವಾಗ ಅವಳು ಬಿಕ್ಕಿ ಬಿಕ್ಕಿ ಅತ್ತದ್ದನ್ನು ಮಗಳು ಮಾತ್ರ ಕಂಡಳು.

ಮತ್ತೊಬ್ಬರ ಮೊಟ್ಟೆಗಳು ಮರಿಯಾಗುವ ದಿನ ಬಂತು. ಕಾವಣ್ಣ ಬೀಗ ಹಿಡಿದು ಎಳೆಯುತ್ತ ಕೂಗಿದ.

“ಯಾರೇ ಇದನ್ನ ಹಾಕಿದ್ದು? ಒಳಗೆ ಕರೀತಿದ್ದಾವೆ!”

“ನೀವೇ ಹಾಕು ಅಂದ್ರಿ.”

“ನಾನಾ?” ಅವನು ಬೀಗದಿಂದ ಕೈ ತೆಗೆದ. “ನಾನೇ ಹೇಳಿದ್ದೀನಿ ಅಂದ್ಮೇಲೆ ಯಾರೋ ಏನೋ ತಪ್ಪು ಮಾಡಿರ್ಬೇಕು” ಎಂದು ಬಾಗಿಲಿಗೆ ಕಿವಿಗೊಟ್ಟು ನೆಲದ ಮೇಲೆ ಕೂತುಕೊಂಡ.