ಸ್ನಬ್ಬರ್ ಮೇಲಿನ ಕೆಂಪು ಚುಕ್ಕೆ

ಹಳೇ ಪ್ಯಾನೆಲ್ಲಿನಲ್ಲಿ ಒಂದೇ ಒಂದು ಭಾಗ ಹೊಸದಾಗಿ ಮಿಂಚುತ್ತಿದ್ದರೆ ಖುಷಿಪಡಬೇಡಿ, ಅನುಮಾನಪಡಿ. ನಾಗಮಂಗಲದ ಹತ್ತಿರ ಭಾವ ಜಲ್ಲಿ ಕ್ರಷರ್ ಹಾಕಿದಾಗ, ಅದರ ಹೈಟೆನ್ಷನ್ ಮೋಟಾರನ್ನು ಮೆಲ್ಲಗೆ ಎಬ್ಬಿಸುವ ಸ್ಟಾರ್ಟರ್ ಪ್ಯಾನೆಲ್ ಕೊಡಿಸುವ ಹೊಣೆ ನನ್ನ ತಲೆಗೆ ಬಂತು. ಅದು ಸುಟ್ಟರೆ ನಾನು ಅಕ್ಕನ ಮನೆ ಹೊಸಿಲು ತುಳಿಯುವಂತಿರಲಿಲ್ಲ.

ಕೆ.ಆರ್. ಪೇಟೆಯ ಗುಜರಿಯವನ ಶೆಡ್ಡಿನಲ್ಲಿ ಒಂದು ಸಿಕ್ಕಿತು. ಒಳಗೆ ಸಾಲಾಗಿ ಜೋಡಿಸಿದ ತೈರಿಸ್ಟರುಗಳು, ಮೋಟಾರಿಗೆ ಕರೆಂಟನ್ನು ಅಳೆದು ಬಿಡುವ ಬಿಲ್ಲೆಗಳು. ಎಲ್ಲವೂ ಧೂಳು ಹಿಡಿದಿದ್ದವು, ಒಂದು ಮಾತ್ರ ಫಳಫಳ.

"ಇದೊಂದ್ಯಾಕ್ಲಾ ಮದ್ವೆ ಗಂಡಿನಂಗೈತೆ?"

"ಒಸದು ಆಕಿವ್ನಿ ಕಣಣ್ಣ, ನಿಂಗೋಸ್ಕರ."

ನನಗೋಸ್ಕರ ಯಾರೂ ಏನೂ ಹಾಕುವುದಿಲ್ಲ. ಆ ಜಾಗದಲ್ಲಿದ್ದ ಹಳೆಯದು ಯಾಕೆ ಸುಟ್ಟಿತ್ತು? ಸಾಲಿನಲ್ಲಿರುವ ತೈರಿಸ್ಟರುಗಳು ವೋಲ್ಟೇಜನ್ನು ಹಂಚಿಕೊಂಡು ಹೊರುತ್ತವೆ. ಒಂದು ಕ್ಷಣ ಮೊದಲೇ ಆಫಾದದ್ದರ ಮೇಲೆ ಹೊರೆ ಬೀಳುತ್ತದೆ. ಆ ಏಟನ್ನು ತಡೆಯಲು ಪ್ರತಿಯೊಂದಕ್ಕೂ ಒಂದು ಕೆಪಾಸಿಟರ್, ಒಂದು ರೆಸಿಸ್ಟರ್ ಕಟ್ಟಿರುತ್ತಾರೆ. ಅದೇ ಸ್ನಬ್ಬರ್. ಒಂದರ ಕೆಪಾಸಿಟರ್ ಸೊರಗಿತೆಂದರೆ ಆ ತೈರಿಸ್ಟರ್ ಮುಗಿಯಿತು. ಬಿಚ್ಚಿಸಿ ಮೀಟರಿಟ್ಟೆ. ಮಿಂಚುತ್ತಿದ್ದುದಕ್ಕೆ ಕಟ್ಟಿದ್ದ ಕೆಪಾಸಿಟರ್ ಅರ್ಧಕ್ಕೆ ಇಳಿದಿತ್ತು.

"ಎಂಡ್ರು ಮಾಡಿದ್ ಸಾರ್ಗೂ ಮೀಟ್ರು ಇಡೋನು ಕಣಣ್ಣ ನೀನು," ಎಂದು ಗೊಣಗಿ ಒಳ್ಳೆಯ ಕೆಪಾಸಿಟರ್ ಹಾಕಿದ. ಅವನು ಟೀ ತರಿಸಲು ಹೊರಗೆ ಹೋದಾಗ, ಪ್ರತಿ ಕೆಪಾಸಿಟರಿನ ತಳಕ್ಕೂ, ಜೇಬಿನಲ್ಲಿ ತಂದಿದ್ದ ಹೆಂಡತಿಯ ಉಗುರುಬಣ್ಣದಿಂದ ಒಂದು ಕೆಂಪು ಚುಕ್ಕೆ ಇಟ್ಟೆ. ನೀವೂ ಇಡಿ, ಆದರೆ ಕಣ್ಣಿಗೆ ಕಾಣದ ಕಡೆ.

ಪ್ಯಾನೆಲ್ ನಾಗಮಂಗಲಕ್ಕೆ ಬಂದ ದಿನ ಅವನೇ ಟೆಂಪೋದಲ್ಲಿ ಜೊತೆಗೆ ಬಂದಿದ್ದ. ಭಾವ ಕರ್ಪೂರ ಹಚ್ಚಿ, ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಿದ್ದ.

"ತಡೀರಿ ಭಾವ, ಒಂದ್ಸಲ ಬಿಚ್ಚಿ ನೋಡ್ಬುಡವ."

"ಪೂಜೆ ಆಯ್ತು ಕಣೋ. ದೇವ್ರ ಮೇಲೂ ಅನುಮಾನ್ವಾ?"

"ದೇವ್ರು ಟೆಂಪೋದಲ್ಲಿ ಬರ್ಲಿಲ್ವಲ್ಲಾ."

ಬಿಚ್ಚಿದೆವು. ಒಂದರ ತಳದಲ್ಲಿ ಚುಕ್ಕೆಯೇ ಇಲ್ಲ. ಮೀಟರಿಟ್ಟರೆ ಮತ್ತೆ ಅದೇ ಅರ್ಧ. ಗುಜರಿಯವನು ನನ್ನ ಮುಖ ನೋಡಲಿಲ್ಲ. ಸೀದಾ ಹೋಗಿ ಟೆಂಪೋ ಸೀಟಿನಡಿಯಿಂದ ಚುಕ್ಕೆಯಿದ್ದ ಕೆಪಾಸಿಟರ್ ತಂದ. "ಬೇರೆ ಪಾರ್ಟಿಗೆ ಬೇಕಾಗಿತ್ತು ಕಣಣ್ಣ, ಬೇಜಾರ್ ಮಾಡ್ಕಬ್ಯಾಡ."

ಮೋಟಾರು ಮೆಲ್ಲಗೆ ಎದ್ದು ತಿರುಗಿತು. ಭಾವ ನಕ್ಕ: "ನಿಮ್ಮಕ್ಕನ್ನ ಕೊಡೋವಾಗ ನಂಗೂ ಚುಕ್ಕೆ ಇಟ್ಟಿದ್ಯೇನ್ಲಾ?"

ಮೋಟಾರು ನಿಲ್ಲಿಸಿದ ಮೇಲೆ ಅಕ್ಕ ಅಲ್ಲೇ ಎಲ್ಲರಿಗೂ ಮುದ್ದೆ ಬಡಿಸಿದಳು. ಗುಜರಿಯವನು ಬೇಗಬೇಗ ಉಂಡು, ಪ್ಯಾನೆಲ್ ಪಕ್ಕದ ನಲ್ಲಿಯಲ್ಲಿ ಕೈ ತೊಳೆಯಲು ನನಗಿಂತ ಮೊದಲು ಎದ್ದ. ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ನಾನೂ ಎದ್ದೆ.