ಸಿನಿಮಾ ಪೆಟ್ಟಿಗೆ ದಾಟಿಸಿದ ಚಿಕ್ಕಸಿದ್ದಮ್ಮ

ಕೃಷ್ಣರಾಜನಗರದ ಹತ್ತಿರ ಕಾವೇರಿಯ ಕಡವಿನಲ್ಲಿ ಹರಿಗೋಲು ನಡೆಸುತ್ತಿದ್ದವನು ಅಂಕಯ್ಯ. ಮರ ಕಡಿಯುವಾಗ ದಿಮ್ಮಿ ಉರುಳಿ ಅವನ ಬಲಗಾಲು ಜಜ್ಜಿಹೋಯಿತು. ಆ ವರ್ಷ ಹೆಂಡತಿ ಚಿಕ್ಕಸಿದ್ದಮ್ಮ ಹುಟ್ಟು ಕೈಗೆತ್ತಿಕೊಂಡಳು. ಹೆಂಗಸನ್ನು ನಂಬಿ ನೀರಿಗಿಳಿಯುವುದು ಹೇಗೆಂದು ಮೊದಮೊದಲು ಜನ ದಡದಲ್ಲೇ ನಿಂತು ಅನುಮಾನಿಸುತ್ತಿದ್ದರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಸುರಿ ಹೆಂಗಸರು, ಹಾಲಿನವರು, ಕುರಿಮಂದೆಯವರು ಎಲ್ಲರೂ ಅವಳ ಹರಿಗೋಲಿಗೇ ಕಾಯತೊಡಗಿದರು.

ಆಗ ಊರಿಗೆ ರೈಲು ಬಂದು ಬಹಳ ಕಾಲವಾಗಿತ್ತು. ಹುಣಸೂರಿನ ಮೋಟಾರು ಆಚೆ ದಡದವರೆಗೆ ಬರುತ್ತಿತ್ತು. ಆದರೆ ಮಾತಾಡುವ ಸಿನಿಮಾ ಮಾತ್ರ ಬಂದಿರಲಿಲ್ಲ. ಒಂದು ಸಲ ದಸರೆ ಮುಗಿದ ಮೇಲೆ ಸ್ಟೇಷನ್ನಿನ ಬಯಲಿನಲ್ಲಿ ಟೆಂಟು ಎದ್ದಿತು. ತಮಟೆ ಬಡಿಯುತ್ತ ಗಾಡಿಯೊಂದು ಬೀದಿಬೀದಿ ತಿರುಗಿ ಬಣ್ಣದ ಚೀಟಿ ಎರಚಿತು. ಚಿಕ್ಕಸಿದ್ದಮ್ಮ ಒಂದು ಚೀಟಿ ಆಯ್ದು ಗಂಡನಿಗೆ ತೋರಿಸಿದಳು.

"ಈ ಬೊಂಬೆ ಮಾತಾಡ್ತದಂತೆ ಕಣ್ರೀ! ನಾನಂತೂ ನೋಡ್ದೆ ಬುಡಾಕಿಲ್ಲ."

ಮೊದಲ ಆಟದ ದಿನ ಕೊಡಗಿನ ಮಳೆಯ ನೀರು ನುಗ್ಗಿ ಹೊಳೆ ಕೆಂಪಗೆ ಉಬ್ಬಿತು. ಸಿನಿಮಾ ತೋರಿಸುವ ಯಂತ್ರವೇನೋ ರೈಲಿನಲ್ಲಿ ಬಂದಿತ್ತು. ಅದರ ಸುರುಳಿಗಳು ಮಾತ್ರ ಹುಣಸೂರಿನಿಂದ ಬರಬೇಕಿತ್ತು. ಮಧ್ಯಾಹ್ನ ನೋಡಿದರೆ, ಟೆಂಟಿನ ಆಪರೇಟರ್ ದೇವರಾಜು ಆಚೆ ದಡದಲ್ಲಿ ತಗಡಿನ ಪೆಟ್ಟಿಗೆಗಳ ಪಕ್ಕ ನಿಂತು ಟವೆಲ್ ಬೀಸುತ್ತಿದ್ದಾನೆ! ಈಚೆ ದಡದಲ್ಲಿ ಆಟ ನೋಡಲು ಮಿರ್ಲೆಯಿಂದ ಗಾಡಿ ಕಟ್ಟಿಕೊಂಡು ಬಂದ ಜನ ಸೇರಿಹೋಗಿದ್ದರು. ಉಳಿದ ಅಂಬಿಗರು ನೀರು ಇಳಿಯಲಿ ಎಂದು ಕೈಕಟ್ಟಿ ಕೂತರು.

ಚಿಕ್ಕಸಿದ್ದಮ್ಮ ಸೆರಗು ಬಿಗಿದು ಗಂಡನತ್ತ ನೋಡಿದಳು. ಅವನು ಹೊಳೆಯನ್ನೇ ದಿಟ್ಟಿಸಿ, "ಮೇಲ್ಗಡೆ ಎತ್ಕಂಡೋಗಿ ಬುಡು. ನೀರಿನ ಜೊತೆ ಜಗಳ ಆಡ್ಬ್ಯಾಡ" ಎಂದ.

ಜನ ಹರಿಗೋಲನ್ನು ಹೊತ್ತು ದಡದುದ್ದಕ್ಕೂ ಮೇಲೆ ಓಡಿದರು. ಅಲ್ಲಿಂದ ಅವಳು ಓರೆಯಾಗಿ ಬಿಟ್ಟ ಹರಿಗೋಲು ಗಿರಗಿರನೆ ಎರಡು ಸುತ್ತು ಸುತ್ತಿ ಸರಿಯಾಗಿ ದೇವರಾಜುವಿನ ಮುಂದೆ ಹೋಗಿ ನಿಂತಿತು. ಈಚೆ ದಡದಲ್ಲಿ ಕೇಕೆಯೋ ಕೇಕೆ.

ಬರುವಾಗ ಅಷ್ಟು ಸಲೀಸಾಗಲಿಲ್ಲ. ನಡುಹೊಳೆಯಲ್ಲಿ ತೇಲಿಬಂದ ಕೊಂಬೆಯೊಂದು ಹರಿಗೋಲಿನ ಚರ್ಮಕ್ಕೆ ತಾಗಿ ಪರ್‍ರನೆ ಸೀಳಿತು. ನೀರು ಒಳಗೆ ಚಿಮ್ಮಿತು. ದೇವರಾಜು ಪೆಟ್ಟಿಗೆಗಳನ್ನು ತಬ್ಬಿಕೊಂಡು ಕಣ್ಣು ಮುಚ್ಚಿದ.

"ಪೆಟ್ಟಿಗೆ ಬುಡಿ ಸ್ವಾಮಿ! ತಲೆ ಮ್ಯಾಲಿನ ಟೋಪಿ ತಗೀರಿ, ನೀರು ಚೆಲ್ಲಿ!"

"ಇದು ಹೊಸಾ ಟೋಪಿ ಕಣಮ್ಮ!"

"ಒಳೆ ಪಾಲಾದ್ರೆ ಎಲ್ಲಿಗಾಕ್ಕಂಡೀರಿ? ಚೆಲ್ಲಿ!"

ಅವನು ಹುಚ್ಚು ಹಿಡಿದವನಂತೆ ನೀರು ಮೊಗೆದು ಚೆಲ್ಲಿದ. ಅವಳು ಸೀಳಿನ ಮೇಲೆ ಕಾಲೂರಿ ಹುಟ್ಟು ಹಾಕಿದಳು. ಹರಿಗೋಲು ಕಡವನ್ನು ದಾಟಿ ಕೆಳಗೆ ಜಾರಿತು. ದಡದ ಮೇಲೆ ಜನವೂ ಅದರ ಜೊತೆಗೇ ಓಡಿತು. ಕುಳ್ಳಯ್ಯ ಎಂಬ ಗಾಡಿಯವನು ತನ್ನ ಮಿಣಿಹಗ್ಗ ಬೀಸಿ ಎಸೆದ. ಒಂದು ಸಲ ತಪ್ಪಿತು. ಮತ್ತೆ ಎಸೆದಾಗ ಚಿಕ್ಕಸಿದ್ದಮ್ಮ ಹಿಡಿದು ಸೊಂಟಕ್ಕೆ ಸುತ್ತಿಕೊಂಡು ಹರಿಗೋಲಿನ ಅಂಚಿಗೆ ಮಂಡಿ ಒತ್ತಿ ನಿಂತಳು. "ಎಳೀರ್ಲಾ!" ಎಂದು ಅವಳು ಕೂಗಿದ್ದೇ ತಡ, ಅಲ್ಲಿದ್ದವರೆಲ್ಲ ಹಗ್ಗಕ್ಕೆ ಬಿದ್ದು ಎಳೆದರು. ಪೆಟ್ಟಿಗೆ, ಆಪರೇಟರು, ಅಂಬಿಗಿತ್ತಿ ಮೂವರೂ ಕೆಸರಿಗೆ ಬಂದು ಬಿದ್ದರು. ಪೆಟ್ಟಿಗೆ ಬಿಚ್ಚಿ ನೋಡಿದರೆ ಸುರುಳಿಗಳಿಗೆ ಹನಿ ನೀರು ತಾಗಿರಲಿಲ್ಲ!

ಪೆಟ್ಟಿಗೆಗಳ ಮೆರವಣಿಗೆಯೇ ಹೊರಟಿತು. ದೇವರಾಜು ಟೆಂಟಿನ ಬಾಗಿಲಲ್ಲಿ ನಿಂತು, "ಮುಂದುಗಡೆ ಕುರ್ಚಿ ನಿಮ್ದೇ, ಬನ್ನಿ ತಾಯಿ" ಎಂದು ಕರೆದ.

ಅವಳು ಕದಲಲಿಲ್ಲ. "ನಮ್ಮ ಯಜಮಾನ್ರು ಒಳೆತಾವೇ ಕುಂತವ್ರೆ. ಅವ್ರು ಬರ್ದೆ ನಾ ಒಳಿಕ್ಕೆ ಬರಾಕಿಲ್ಲ."

ಕುಳ್ಳಯ್ಯ ಗಾಡಿ ತಿರುಗಿಸಿದ. ಅಂಕಯ್ಯನನ್ನು ಹುಲ್ಲಿನ ಮೆತ್ತೆಯ ಮೇಲೆ ಕೂರಿಸಿಕೊಂಡು ಎತ್ತುಗಳನ್ನು ಓಡಿಸಿಕೊಂಡೇ ಬಂದ. ಆಟ ಅಲ್ಲಿಯವರೆಗೂ ಶುರುವಾಗಲಿಲ್ಲ. ಯಾರೂ ಗೊಣಗಲೂ ಇಲ್ಲ. ದೀಪ ಆರಿ ಪರದೆಯ ಮೇಲಿನ ರಾಣಿ ಬಾಯಿ ತೆರೆದು ಹಾಡಿದಾಗ ಚಿಕ್ಕಸಿದ್ದಮ್ಮ ಗಂಡನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಒದ್ದೆ ಸೀರೆಯ ಚಳಿ ಅವಳಿಗೆ ಮರೆತೇಹೋಗಿತ್ತು.

ಈ ಸುದ್ದಿ ಹಬ್ಬಿ ಮರುವಾರದಿಂದ ಅವಳ ಕಡವಿಗೆ ಹೊಸ ಬಗೆಯ ಗಿರಾಕಿಗಳು ಬರತೊಡಗಿದರು. ಅವರಿಗೆ ಆಚೆ ದಡದಲ್ಲಿ ಏನೂ ಕೆಲಸವಿರಲಿಲ್ಲ. ರೈಲಿಳಿದ ಮೈಸೂರಿನವರು, ಪೇಟೆಯ ಹೆಣ್ಣುಮಕ್ಕಳು, ಹೊಸದಾಗಿ ಮದುವೆಯಾದವರು ಎಲ್ಲರಿಗೂ ಹರಿಗೋಲಿನಲ್ಲಿ ಸುಮ್ಮನೆ ಸುತ್ತಬೇಕಿತ್ತು. ಅಂಕಯ್ಯ ಹರಿದ ಹರಿಗೋಲಿಗೆ ತೇಪೆ ಹಾಕಿಕೊಟ್ಟು, ದಡದಲ್ಲಿ ಕೂತು ಹೊಸದಕ್ಕೆ ಬಿದಿರು ಹೆಣೆದ. ಸಂಜೆ ಬಿಸಿಲಲ್ಲಿ, ನೀರು ಇಳಿದ ಹೊಳೆಯ ನಡುವೆ ಅವಳು ಹುಟ್ಟನ್ನು ಒಂದೇ ಕಡೆ ಮೀಟಿ ಹರಿಗೋಲನ್ನು ಬುಗುರಿಯ ಹಾಗೆ ತಿರುಗಿಸುವಳು. ಒಳಗಿದ್ದವರು ಕಿಟಾರನೆ ಕಿರುಚಿಕೊಂಡು ಒಬ್ಬರ ಮೇಲೊಬ್ಬರು ಬೀಳುವರು.

"ಸಾಕಾ ತಾಯಿ?" ಎಂದು ಕೇಳುವಳು.

"ಇನ್ನೊಂದ್ ಸುತ್ತು ಚಿಕ್ಕಸಿದ್ದಮ್ಮ, ಇನ್ನೊಂದೇ ಸುತ್ತು!"