ಕಲ್ಲು ನಿಮ್ದು, ನೀರು ನಮ್ದು

ನಮ್ಮ ದೊಡ್ಡಮ್ಮನ ಊರು ಮೇಲುಕೋಟೆ ಬೆಟ್ಟದ ತಪ್ಪಲಿನಲ್ಲಿದೆ. ಅಣೆಕಟ್ಟೆಯ ನಾಲೆಯು ಪಾಂಡವಪುರದ ಗದ್ದೆಗಳಿಗೆಲ್ಲ ನೀರುಣಿಸಿ, ದೊಡ್ಡಮ್ಮನ ಊರಿನ ಏರನ್ನು ದೂರದಿಂದಲೇ ಕಂಡು, ಮರ್ಯಾದೆಯಾಗಿ ಪಕ್ಕಕ್ಕೆ ತಿರುಗಿಕೊಂಡಿದೆ. ಹೀಗಾಗಿ ಅಲ್ಲಿ ಬೆಳೆಯುವುದು ರಾಗಿ, ಹುರುಳಿ, ಅವರೆ. ಮಿಕ್ಕಿದ್ದೆಲ್ಲ ಕಲ್ಲು. ಕಲ್ಲಿನ ವಿಷಯದಲ್ಲಿ ಮಾತ್ರ ಊರು ಎಂದೂ ಬಡತನ ಕಂಡಿಲ್ಲ.

ಅದರಲ್ಲೂ ಒಂದು ಜಾತಿಯ ಬಿಳಿ ಕಲ್ಲು ಹೊಲಗಳಲ್ಲಿ ವಿಪರೀತ. ಒಡೆದರೆ ಪದರ ಪದರವಾಗಿ ಕಾಗೆಬಂಗಾರ ಹೊಳೆಯುತ್ತದೆ. ತಲೆತಲಾಂತರದಿಂದ ಊರಿನವರು ಅದನ್ನು ಆರಿಸಿ ಬದುವಿಗೆ ಎಸೆಯುತ್ತಿದ್ದರು, ಬದು ತುಂಬಿದರೆ ನಾಯಿಗೆ ಎಸೆಯುತ್ತಿದ್ದರು. ಹೀಗಿರುವಾಗ ಒಂದು ದಿನ, ಮೊಬೈಲಿನ ಬ್ಯಾಟರಿಗೂ ಕಾರಿನ ಬ್ಯಾಟರಿಗೂ ಬೇಕಾದ ಲೋಹ ಈ ಸೀಮೆಯ ಕಲ್ಲಿನಲ್ಲಿದೆ, ಗಣಿ ತೋಡಲು ಕಂಪನಿ ಬರುತ್ತದೆ ಎಂಬ ಸುದ್ದಿ ಟೀ ಅಂಗಡಿಗೆ ಬಂತು. ಬಂದದ್ದು ಮೊಬೈಲಿನಲ್ಲೇ. ಸುದ್ದಿ ತೋರಿಸುತ್ತಿದ್ದ ಆ ಮೊಬೈಲಿನ ಬ್ಯಾಟರಿ ಅರ್ಧಕ್ಕೇ ಸತ್ತದ್ದನ್ನು ಯಾರೂ ಅಪಶಕುನವೆಂದು ಬಗೆಯಲಿಲ್ಲ.

ಮರುದಿನದಿಂದ ಊರಿನ ನಡವಳಿಕೆಯೇ ಬದಲಾಯಿತು. ಬದುವಿನ ಬಿಳಿ ಕಲ್ಲುಗಳು ಒಂದೊಂದಾಗಿ ಮನೆಯೊಳಗೆ ಬಂದವು. ನಾಯಿಗೆ ಕಲ್ಲು ಬೀಸುವ ಪದ್ಧತಿ ನಿಂತೇ ಹೋಯಿತು. ಗಣಿ ಎಂಬ ಮಹಾಯೋಗದ ಮೊದಲ ಫಲಾನುಭವಿಗಳು ನಮ್ಮೂರಿನ ನಾಯಿಗಳು. ಈಚಿನ ದಿನಗಳವರೆಗೂ ಅವರೇ ಕೊನೆಯವರೂ ಆಗಿದ್ದರು.

ದೊಡ್ಡಮ್ಮನ ಮಗ, ಅಂದರೆ ನಮ್ಮಣ್ಣ, ಈ ಹೊಸ ಯುಗವನ್ನು ಎಲ್ಲರಿಗಿಂತ ಮೊದಲು ಬರಮಾಡಿಕೊಂಡವನು. ಕೊಟ್ಟಿಗೆಯ ಸೋರುವ ಶೀಟನ್ನು ಬದಲಿಸುವ ಕೆಲಸವನ್ನು ಅವನು ಅಂದೇ ಕೈಬಿಟ್ಟ. ಶ್ರೀರಂಗಪಟ್ಟಣದಲ್ಲಿ ನೌಕರಿ ಮಾಡುವ ನಾನು ಭಾನುವಾರ ಹೋದಾಗ, ಎಮ್ಮೆಯ ಬೆನ್ನ ಮೇಲೆ ಮಳೆಹನಿ ಬೀಳುತ್ತಿದ್ದುದನ್ನು ತೋರಿಸಿದೆ.

"ಕಂಪ್ನಿಯವ್ರು ಬಂದು ಇಡೀ ವಟ್ಟಾರವೇ ತಗತಾರೆ ಕಣ್ಲಾ. ಸುಮ್ಕೆ ಯಾಕೆ ಶೀಟಿಗೆ ದಂಡ?" ಎಂದ.

"ಅಲ್ಲೀಗಂಟ ಎಮ್ಮೆ?" ಎಂದು ದೊಡ್ಡಮ್ಮ ಒಳಗಿನಿಂದ ಕೇಳಿದಳು.

"ಅದಕ್ಕೂ ಪರಿಯಾರ ಕೊಡ್ತಾರೆ, ಬುಡವ್ವ."

ದೊಡ್ಡಮ್ಮನಿಗೆ ಗಣಿಯೂ ಬೇಕಿರಲಿಲ್ಲ, ಪರಿಹಾರವೂ ಬೇಕಿರಲಿಲ್ಲ. ಅವಳ ಆಸೆ ಒಂದೇ, ಹಳೆಯದು. ಬೆಟ್ಟದ ಬುಡದ ಅವಳ ಹೊಲದಲ್ಲಿ ನೀರು ಬರಬೇಕು. ದೊಡ್ಡಪ್ಪ ಬದುಕಿದ್ದಾಗ ಒಮ್ಮೆ, ಅವರು ಹೋದಮೇಲೆ ಒಮ್ಮೆ, ಅಂಗೈ ಮೇಲೆ ತೆಂಗಿನಕಾಯಿ ಇಟ್ಟು ನೀರು ಹೇಳುವವರನ್ನು ಕರೆಸಿ ಬೋರು ಹಾಕಿಸಿದ್ದಳು. ಎರಡು ಸಲವೂ ಕಾಯಿ ಎದ್ದು ನಿಂತಿತು, ಆಮೇಲೆ ಧೂಳು ಎದ್ದಿತು. "ನಾನು ಸಾಯಾದ್ರೊಳ್ಗೆ ನಮ್ಮೊಲ್ದಲ್ಲಿ ನೀರು ಅರಿಯಾದ ಒಂದ್ಸಲ ನೋಡ್ಬೇಕು ಕಣ್ಲಾ ಮಗ" ಎಂದು ನನ್ನೆದುರು ಎಷ್ಟೋ ಸಲ ಹೇಳಿದ್ದಳು.

ಇಂಥ ದೊಡ್ಡಮ್ಮನ ಹೊಲಕ್ಕೇ ಕಲ್ಲು ಕೊರೆಯುವ ಯಂತ್ರ ಬಂದದ್ದು. ಕಲ್ಲಿನ ಪರೀಕ್ಷೆಗೆಂದು ಸರ್ಕಾರ ಕಳಿಸಿದ ಭೂವಿಜ್ಞಾನಿ ಧಾರವಾಡದ ಕಡೆಯ ಹುಡುಗ. ತಲೆಗೆ ಹಳದಿ ಟೊಪ್ಪಿ, ಮಾತಿಗೊಂದು 'ರೀ'. ನಾನೂ ಅಣ್ಣನೂ ಅಲ್ಲೇ ಇದ್ದೆವು.

"ಅಮ್ಮಾರ, ನಿಮ್ಮ ಹೊಲದಾಗ ಒಂದು ಸಣ್ಣ ತೂತು ಕೊರೀತೀವ್ರಿ. ಕಲ್ಲು ತಗದು ನೋಡ್ತೀವಿ, ಮುಚ್ಚಿ ಹೋಗ್ತೀವಿ."

ದೊಡ್ಡಮ್ಮ ಯಂತ್ರವನ್ನು ಮೇಲಿಂದ ಕೆಳಗೆ ನೋಡಿದಳು. "ಎಷ್ಟು ಆಳ ಓಯ್ತದಪ್ಪ ಇದು?"

"ಬೋರ್‌ವೆಲ್ ಹೋದಂಗ ಹೋಗ್ತದ್ರಿ."

"ಅಂಗಾರೆ ಬೋರ್‌ವೆಲ್ಲೇ ಅನ್ನು."

"ಅಲ್ರೀ, ಇದು ಕಲ್ಲಿಗ್ರಿ, ನೀರಿಗಲ್ಲ."

"ನೀನು ಕಲ್ಲಿಗ್ ಬಂದಿದ್ದೀಯ ಅಂತ ನೀರಿಗೆ ಏನ್ ಗೊತ್ತಪ್ಪ? ಅದು ತಿಳೀದೆ ಬಂದ್ಬುಟ್ರೆ?"

ಹುಡುಗ ಟೊಪ್ಪಿ ಸರಿಮಾಡಿಕೊಂಡು, "ಬಂದ್ರ ಬಂತ್ರಿ" ಎಂದು ನಕ್ಕ.

"ಅಂಗಾರೆ ಕಲ್ಲು ನಿಮ್ದು, ನೀರು ನಮ್ದು. ಒಪ್ಪಿದ್ರೆ ಕೊರ್ಕೊ."

"ಆಗ್ಲಿ ಬಿಡ್ರಿ."

ಹೀಗೆ ಒಪ್ಪಂದವಾಯಿತು. ಶ್ರೀರಂಗಪಟ್ಟಣದಲ್ಲಿ ವಾಸ ಮಾಡುವ ನನಗೆ ಒಪ್ಪಂದಗಳೆಂದರೆ ಒಳಗೊಳಗೇ ಅನುಮಾನ. ನಮ್ಮ ಕೋಟೆಯೊಳಗೆ ಆದ ಒಪ್ಪಂದಗಳಿಗೂ ಆಮೇಲೆ ನಡೆದದ್ದಕ್ಕೂ ಇತಿಹಾಸದಲ್ಲಿ ಅಂಥ ಹತ್ತಿರದ ನೆಂಟಸ್ತಿಕೆಯೇನೂ ಇಲ್ಲ. ಆದರೆ ದೊಡ್ಡಮ್ಮ ಇತಿಹಾಸ ಓದಿದವಳಲ್ಲ. ಅವಳು ಸೀದಾ ಮನೆಗೆ ಹೋಗಿ ಕಾಯಿ, ಊದುಬತ್ತಿ, ಅರಿಶಿನ ಕುಂಕುಮ, ನಿಂಬೆಹಣ್ಣು ತಂದಳು. ಯಂತ್ರದ ಮೂತಿಗೆ ಅರಿಶಿನ ಹಚ್ಚಿ ಕಾಯಿ ಒಡೆದಳು. ಭೂವಿಜ್ಞಾನಿ ಹಳದಿ ಟೊಪ್ಪಿ ತೆಗೆದು ಕೈಮುಗಿದು ನಿಂತ. ಮಂಗಳಾರತಿ ಅವನ ಮುಖದೆದುರೂ ಒಂದು ಸುತ್ತು ಹೋಯಿತು.

ಆದರೆ ಕೆಲಸ ಶುರುವಾದಮೇಲೆ ದೊಡ್ಡಮ್ಮನಿಗೆ ಮೊದಲ ಆಘಾತವಾಯಿತು. ಕಲ್ಲು ಕೊರೆಯುವ ಮೊನೆ ಕಾಯದಿರಲೆಂದು ಆ ಯಂತ್ರಕ್ಕೆ ಹೊತ್ತಿಗೂ ಹೊತ್ತಿಗೂ ನೀರು ಹಾಕುತ್ತಿರಬೇಕು. ಟ್ಯಾಂಕರು ಬಂದು ಬಂದು ಸುರಿಯುತ್ತಿತ್ತು. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದಳು.

"ನೀರು ತಗ್ಯಾ ಮಿಸನ್ನು ಅಂದ್ಕಂಡ್ರೆ ನೀರು ಕುಡ್ಯಾ ಮಿಸನ್ನು ಬಂದೈತಲ್ಲಾ ಮಗ! ನಮ್ಮನೆ ಎಮ್ಮೇನೂ ಇಷ್ಟು ಕುಡ್ಯಕ್ಕಿಲ್ಲ."

ಊರಿಗೆ ಮಾತ್ರ ಹಬ್ಬ. ಕೊರೆದ ಕಲ್ಲು ಉದ್ದುದ್ದ ಕೋಲಿನಂತೆ ಹೊರಬರುತ್ತಿತ್ತು. ಅವನ್ನು ತುಂಡು ತುಂಡಾಗಿ, ಸುಲಿದ ಕಬ್ಬಿನ ಜಲ್ಲೆಯಂತೆ, ಮರದ ಪೆಟ್ಟಿಗೆಗಳಲ್ಲಿ ಜೋಡಿಸುತ್ತಿದ್ದರು. ಟೀ ಅಂಗಡಿಯ ಸಭೆ ಅಂಗಡಿಯನ್ನು ಬಿಟ್ಟು ಹೊಲದಲ್ಲೇ ಸೇರತೊಡಗಿತು. ಭೂಗರ್ಭಶಾಸ್ತ್ರದಲ್ಲಿ ನಮ್ಮೂರು ಅಷ್ಟು ಬೇಗ ಪಾಂಡಿತ್ಯ ಪಡೆದದ್ದು ನನಗೆ ಇಂದಿಗೂ ಬೆರಗು. ಕರಿ ಕಲ್ಲು ಬಂದರೆ ಎಲ್ಲರ ಮುಖ ಕಪ್ಪಾಗುವುದು, ಬಿಳಿ ಕಲ್ಲು ಬಂದರೆ ಒಬ್ಬರ ಬೆನ್ನು ಒಬ್ಬರು ತಟ್ಟುವುದು. ಅಣ್ಣ ಒಂದು ಹೆಜ್ಜೆ ಮುಂದೆ ಹೋಗಿ ಒಂದು ತುಂಡನ್ನು ನೆಕ್ಕಿ ನೋಡಿದ.

"ಉಪ್ಪುಪ್ಪಗೈತೆ ಕಣ್ಲಾ! ಅದೇ, ಗ್ಯಾರಂಟಿ!"

"ಅಣ್ಣಾರ, ಅದು ನಿಮ್ಮ ಕೈ ಬೆವರ್ರಿ" ಎಂದ ಭೂವಿಜ್ಞಾನಿ.

ಮುಂದಿನ ಭಾನುವಾರ ನಾನು ಹೋದಾಗ ಮಧ್ಯಾಹ್ನ. ಯಂತ್ರ ನಿಲ್ಲಿಸಿ ಎಲ್ಲರೂ ಹೊಂಗೆ ಮರದ ಕೆಳಗೆ ಊಟಕ್ಕೆ ಕುಳಿತಿದ್ದರು. ಮುದ್ದೆ, ಅವರೆಕಾಳು ಸಾರು ದೊಡ್ಡಮ್ಮನದೇ. ಬಡಿಸುತ್ತಿದ್ದವಳು ಸೌಟು ಹಿಡಿದ ಹಾಗೇ ನಿಂತುಬಿಟ್ಟಳು. ಟ್ಯಾಂಕರು ಬೆಳಿಗ್ಗೆಯೇ ಖಾಲಿಯಾಗಿ ಹೋಗಿತ್ತು, ಯಂತ್ರ ಉಸಿರಾಡುತ್ತಿರಲಿಲ್ಲ. ಆದರೂ ತೂತಿನ ಬಾಯಿಂದ ನೀರು ಉಕ್ಕಿ, ಬದುವಿನಗುಂಟ ಹರಿದು, ಹುರುಳಿ ಸಾಲಿಗೆ ಇಳಿಯುತ್ತಿತ್ತು. ಅವಳು ಹೋಗಿ ಒಂದು ಬೊಗಸೆ ಎತ್ತಿ ಕುಡಿದಳು. ತಟ್ಟೆಗಳಲ್ಲಿದ್ದ ಮುದ್ದೆ ಅಲ್ಲಲ್ಲೇ ತಣ್ಣಗಾಯಿತು.

"ಬಂತು ಕಣಪ್ಪ ನಮ್ದು" ಎಂದಳು.

ಭೂವಿಜ್ಞಾನಿ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟ. ಕೆಲಸ ಮುಗಿದ ತೂತನ್ನು ಸಿಮೆಂಟು ಸುರಿದು ಮುಚ್ಚಲೇಬೇಕೆಂಬುದು ಅವನಿಗಿದ್ದ ನಿಯಮ. ಅದನ್ನು ಹೇಳಿದಾಗ ದೊಡ್ಡಮ್ಮ ಸೀರೆಯ ನೆರಿಗೆ ಒಟ್ಟುಮಾಡಿಕೊಂಡು ತೂತಿನ ಪಕ್ಕದಲ್ಲಿ ಕುಳಿತೇಬಿಟ್ಟಳು.

"ಮಾತು ಕೊಟ್ಟಿದ್ದೀಯ. ನಿನ್ ಕಲ್ಲು ನೀನು ಪೆಟ್ಟಿಗೇಲಿ ಮಡೀಕಂಡಿದ್ದೀಯ. ನನ್ ನೀರು ಯಾಕ್ ಮುಚ್ಚೀಯೆ?"

"ಅಮ್ಮಾರ, ತೂತು ನೋಡ್ರಿ. ಇದ್ರಾಗ ಮೋಟರ್ ಇಳ್ಯಾಂಗಿಲ್ರಿ."

ದೊಡ್ಡಮ್ಮ ಮುಷ್ಟಿ ಹಿಡಿದು ಒಳಗಿಡಲು ನೋಡಿದಳು. ಹೋಗಲಿಲ್ಲ. ಎಷ್ಟೋ ಹೊತ್ತು ಮುಷ್ಟಿಯನ್ನೂ ತೂತನ್ನೂ ನೋಡುತ್ತ ಕುಳಿತಳು. ಆಗ ಆ ಹುಡುಗ ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಹೇಳಿದ: "ನೀರು ಬಿಳಿ ಕಲ್ಲಿನ ಸಂದಿನಾಗ ಐತ್ರಿ. ಆ ಸಂದು ಹಿಂಗ ಹೊಂಟೈತಿ." ಅವನ ಕೈ ಹೊಂಗೆ ಮರದ ಕಡೆ ಚಾಚಿತ್ತು. ನಿಯಮವನ್ನೂ ಮುರಿಯದೆ ಒಪ್ಪಂದವನ್ನೂ ಮುರಿಯದೆ ಉಳಿದ ಒಬ್ಬ ಅಧಿಕಾರಿಯನ್ನು ನಾನು ಕಂಡದ್ದು ಆವತ್ತೇ.

ತೂತು ಮುಚ್ಚಿತು. ಅದರ ಮೇಲೊಂದು ಸಿಮೆಂಟಿನ ಕಟ್ಟೆ, ಕಟ್ಟೆಯ ಮೇಲೊಂದು ನಂಬರು. ಯಂತ್ರ ಪಕ್ಕದ ಊರಿಗೆ ಹೋಯಿತು. ದೊಡ್ಡಮ್ಮ ಬೋರ್‌ವೆಲ್ ಲಾರಿ ಕರೆಸುವುದಾಗಿ ಘೋಷಿಸಿದಳು. ಮನೆಯಲ್ಲಿ ಯುದ್ಧ.

"ಅವ್ವಾ, ನಾಳೆ ಕಂಪ್ನಿ ಕಿತ್ಕಳಾ ನೆಲ್ಕೆ ಬೋರ್ ಆಕ್ಸೀಯಾ? ತಲೆ ಗಿಲೆ ಕೆಟ್ಟೋಗದಾ?"

"ಕಂಪ್ನಿ ಬರಾದು ನಾಳೆ ಕಣ್ಲಾ. ರಾಗಿ ಒಣಗ್ತಿರಾದು ಇವತ್ತು."

"ಓದ್ಸಲನೂ ಇಂಗೇ ಅಂದೆ. ಧೂಳ್ ತಿಂದ್ವಿ."

"ಓದ್ಸಲ ಕಾಯಿ ನೋಡಿ ಏಳಿದ್ದು. ಈಸಲ ಸರ್ಕಾರವೇ ಇಣುಕಿ ನೋಡೈತೆ."

ಹಾಲಿನ ಡೈರಿಯ ಬಟವಾಡೆಯಲ್ಲಿ ಕೂಡಿಟ್ಟದ್ದನ್ನು ಸೆರಗಿನಿಂದ ಬಿಚ್ಚಿ ಲಾರಿಯವರಿಗೆ ಕೊಟ್ಟಳು. ಲಾರಿ ಹೊಂಗೆ ಮರದ ಬುಡದಲ್ಲಿ ನಿಂತು ಕೊರೆಯಿತು. ಮೊದಲು ಧೂಳು. ಆಮೇಲೂ ಧೂಳು. ಅಣ್ಣನ ಮುಖದಲ್ಲಿ, ತಾಯಿಯ ಮೇಲಿನ ಪ್ರೀತಿಯನ್ನೂ ಮೀರಿ, ಒಂದು ವಿಜಯದ ಕಳೆ ಮೂಡತೊಡಗಿತ್ತು. ದೊಡ್ಡಮ್ಮ ಧೂಳಿನ ನಡುವೆ ಕದಲದೆ ನಿಂತಿದ್ದಳು, ತುಟಿ ಮಾತ್ರ ಅಲುಗುತ್ತಿತ್ತು. ಬಿಳಿ ಪುಡಿ ಬರತೊಡಗಿದ ಸ್ವಲ್ಪ ಹೊತ್ತಿಗೆ ಅದು ಕೆಸರಾಯಿತು, ಕೆಸರು ತಿಳಿಯಾಯಿತು, ಆಮೇಲೆ ಮರದ ಕೊಂಬೆಯವರೆಗೆ ನೀರು ಎದ್ದು ಅಣ್ಣನ ನೆತ್ತಿಯ ಮೇಲೇ ಬಿತ್ತು. ಅವನು ಓಡಲಿಲ್ಲ. ಬಾಯಿ ತೆರೆದು ನಿಂತು ನೆನೆದ. ಮಾರನೆಯ ವಾರ ಕೊಟ್ಟಿಗೆಗೆ ಹೊಸ ಶೀಟು ಬಂದಿತ್ತು.

ಪಕ್ಕದ ಊರಿನಿಂದ ಭೂವಿಜ್ಞಾನಿ ನೋಡಲು ಬಂದ. ನೀರು ಕುಡಿದ, ಚೆನ್ನಾಗಿದೆ ಎಂದ. ಹೊರಡುವಾಗ ಹೊಲದ ಕಡೆ ನೋಡುತ್ತ ಹೇಳಿದ: "ಅಮ್ಮಾರ, ಸೊಪ್ಪು ಹಾಕ್ರಿ, ತರಕಾರಿ ಹಾಕ್ರಿ. ತೆಂಗು ಗಿಂಗು ಮಾತ್ರ ಈಗ ಬ್ಯಾಡ್ರಿ."

ಬೇಸಾಯದ ಸಲಹೆಯ ಧಾಟಿಯಲ್ಲೇ ಹೇಳಿದ. ತೆಂಗು ಫಲಕ್ಕೆ ಬರಲು ವರ್ಷಗಳು ಬೇಕು. ಅಷ್ಟು ವರ್ಷ ಈ ಹೊಲ ನಿನ್ನದಾಗಿ ಉಳಿಯುವುದೋ ಇಲ್ಲವೋ ಎಂದು ಅವನು ಹೇಳಲಿಲ್ಲ, ಅವಳು ಕೇಳಿಸಿಕೊಂಡಳು.

"ಯಾಕಪ್ಪ, ಕಲ್ಲು ಸಿಕ್ತಾ?"

"ನಂಗ ಗೊತ್ತಿಲ್ರಿ ಅಮ್ಮಾರ. ಗೊತ್ತಾದ್ರೂ ಹೇಳಾಂಗಿಲ್ರಿ. ನಿಮ್ಮ ಮುದ್ದಿ ಉಂಡೀನಿ, ಅದಕ್ಕ ಇಷ್ಟು ಹೇಳಿದೆ."

ಮುಂದಿನ ವಾರ ನನಗೆ ದೊಡ್ಡಮ್ಮನ ಫೋನು ಬಂತು: ಪಾಂಡವಪುರದ ನರ್ಸರಿಯಿಂದ ತೆಂಗಿನ ಸಸಿ ತರಬೇಕು, ಒಳ್ಳೆಯವೇ ತರಬೇಕು. ನಾನು ಗೂಡ್ಸ್ ಆಟೋದಲ್ಲಿ ಹಾಕಿಸಿಕೊಂಡು ಹೋದೆ.

"ದೊಡ್ಡಮ್ಮ, ಆ ಹುಡುಗ ಹೇಳಿದ್ದು..."

"ಏಳ್ದ. ಒಳ್ಳೇ ಉಡ್ಗ." ಗುಂಡಿಗೆ ಗೊಬ್ಬರ ಹಾಕುತ್ತ ಎಂದಳು, "ಅವ್ರು ಬರಾಗಂಟ ಬೆಳೀಲಿ. ಬಂದಾಗ ಕಾಯಿ ಬುಟ್ಟಿದ್ರೆ, ಒಂದೊಂದು ಎಳ್ನೀರು ಕೊಟ್ಟು ಕುಂಡ್ರುಸ್ಕಂಡು ಮಾತಾಡನ."

ಆದರೆ ಊರು ಈ ತೆಂಗನ್ನು ಬೇರೆ ಕಣ್ಣಿನಿಂದ ನೋಡಿತು. ನೆಲ ಹೋಗುವಾಗ ಮರಕ್ಕೆ ಬೇರೆ ಪರಿಹಾರ ಸಿಗುತ್ತದೆ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ಶಾಸ್ತ್ರ. ಟೀ ಅಂಗಡಿಯಲ್ಲಿ ಗೌರವದ ಗುಸುಗುಸು ಎದ್ದಿತು. "ಮುದ್ಕಿ ಲೆಕ್ಕ ನೋಡ್ಲಾ! ನಾವು ಕಲ್ಲು ಕಾಯ್ತಾ ಕುಂತಿದ್ರೆ ಅವ್ಳು ಮರ ಎಬ್ಬುಸ್ತಾವ್ಳೆ!" ಕೆಲವೇ ಭಾನುವಾರಗಳಲ್ಲಿ ಊರೆಲ್ಲ ಸಸಿ. ತೆಂಗು, ಮಾವು, ತೇಗ, ಹಲಸು; ತಲೆಗೂದಲಿನಷ್ಟು ಒತ್ತಾಗಿ. ಸಸಿಗೆ ನೀರು ಬೇಕು ಎಂಬ ಸಣ್ಣ ವಿಷಯ ಆಮೇಲೆ ನೆನಪಾಗಿ, ಎಲ್ಲರೂ ಕೊಡ ಹಿಡಿದು ದೊಡ್ಡಮ್ಮನ ಮೋಟರಿನ ಮುಂದೆ ಸಾಲು ನಿಂತರು.

ಅವಳಿಗೆ ಸಿಟ್ಟು ನೆತ್ತಿಗೇರಿತು. "ನಾನು ಬೆಳೀಲಿ ಅಂತ ನೆಟ್ರೆ, ಇವ್ರು ಕಡೀಲಿ ಅಂತ ನೆಡ್ತಾವ್ರಲ್ಲಾ!" ಎಂದು ನನ್ನ ಹತ್ತಿರ ಬೈದಳು. ಆದರೆ ಯಾವ ಕೊಡವನ್ನೂ ಬರಿದಾಗಿ ಕಳಿಸಲಿಲ್ಲ. ಒಬ್ಬೊಬ್ಬರಿಗೂ ಕೊಡ ತುಂಬಿಸಿ, "ಗುಂಡಿ ಒಸಿ ಆಳ ತೋಡ್ಲಾ, ಬದುಕ್ಲಿ" ಎನ್ನುವಳು. ಹೀಗೆ, ಇನ್ನೂ ಬಾರದಿರುವ ಗಣಿಯೊಂದು ಮಾಡಬಹುದಾದ ಅತ್ಯಂತ ದೊಡ್ಡ ಅನಾಹುತವೆಂದರೆ ಒಂದು ತೋಪು ಎಂದು ನಮ್ಮೂರು ಸಾಧಿಸಿ ತೋರಿಸುವ ಹಂತದಲ್ಲಿದೆ.

ಹೋದ ಭಾನುವಾರ ನಾನೂ ದೊಡ್ಡಮ್ಮನೂ ತೆಂಗಿನ ಸಾಲಿನಲ್ಲಿದ್ದೆವು. ಸಸಿಗಳು ಸೊಂಟದೆತ್ತರ ಬಂದಿವೆ. ಬೆಟ್ಟದ ರಸ್ತೆಯಲ್ಲಿ ಧೂಳೆಬ್ಬಿಸುತ್ತ ಜೀಪುಗಳು ಊರಿನ ಕಡೆ ಇಳಿಯುತ್ತಿದ್ದವು. ಟೀ ಅಂಗಡಿಯಿಂದ ಜನ ಎದ್ದು ಓಡುವುದು ಕಾಣಿಸಿತು. ಅಣ್ಣ ನಮ್ಮ ಪಕ್ಕದಲ್ಲಿ ಗುದ್ದಲಿ ಹಿಡಿದು ನಿಂತಿದ್ದ. ಓಡಬೇಕೋ ಬೇಡವೋ ಎಂದು ಅವನಿಗೆ ತಿಳಿಯಲಿಲ್ಲ.

"ಯಾರ್ಲಾ ಅದು?" ದೊಡ್ಡಮ್ಮ ತಲೆಯೆತ್ತದೆ ಕೇಳಿದಳು. ಅವಳ ಕೈ ಸಸಿಯ ಬುಡದಲ್ಲಿ ನಿಂತಿತ್ತು.

"ಕಾಣ್ತಿಲ್ಲ ದೊಡ್ಡಮ್ಮ. ಧೂಳು."

ಅವಳು ಸಸಿಯ ಬುಡಕ್ಕೆ ಒಂದು ಹಿಡಿ ಮಣ್ಣು ಎಳೆದಳು.

"ಯಾರಾರ ಆಗ್ಲಿ. ಆ ಪೈಪು ಒಸಿ ಈಕಡೀಕೆ ಎಳಿ, ಕಡೇ ಗುಂಡಿಗೆ ನೀರು ಓಗಿಲ್ಲ."